ಅಂಬಿಕಾಳ ಅಳತೆ ತಪ್ಪಿರಲಿಲ್ಲ

ನಾನು ಒಂದು ಸುಳ್ಳು ಹೇಳಿ ಒಬ್ಬಳ ಓದನ್ನು ಕಸಿದುಕೊಂಡೆ. ಅವಳ ಹೆಸರು ಅಂಬಿಕಾ. ನಾನು ಕಟ್ಟಿಸಿದ ಕಟ್ಟಡದೊಳಗಿನ ಶಾಖವನ್ನು ಇಡೀ ಬೇಸಿಗೆ ಅಳೆದು, ಇದು ಹೇಳಿದಷ್ಟು ತಂಪಾಗುತ್ತಿಲ್ಲ ಎಂದಳು. ನಿಜವನ್ನೇ ಹೇಳಿದ್ದಳು. ಯಾಕೆ ತಂಪಾಗುತ್ತಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ, ತಿಳಿದವರೆಲ್ಲ ಕೂತಿದ್ದ ಸಭೆಯಲ್ಲಿ, ಅವಳ ಅಳತೆಯೇ ತಪ್ಪಿರಬೇಕು ಅಂದೆ.

ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಇನ್ನು ಮುಂದಿನದೆಲ್ಲ ಬರೀ ವಿವರ — ಆದರೆ ವಿವರ ಬಿಟ್ಟರೆ ನನ್ನ ತಪ್ಪು ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅದಕ್ಕೇ ಬರೆಯುತ್ತೇನೆ.

ನನ್ನ ಹೆಸರು ಪ್ರಮೀಳಾ. ಕಟ್ಟಡಗಳ ವಿನ್ಯಾಸ ಮಾಡುವುದು ನನ್ನ ಕಸುಬು. ತಾರ್ನಾಕದ ಮನೆಯಲ್ಲಿ ಕೆಳಗೆ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಮಹಡಿಯ ಮೇಲೆ ನಾನು. ನಮ್ಮ ಅಜ್ಜ ಕಲಬುರಗಿಯಿಂದ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಹಿಂದಿ — ಹೀಗೇ ಬೆಳೆದವರು ನಾವು. ನಾನು ಮದುವೆಯಾಗಲಿಲ್ಲ. ಕೆಲಸವೇ ನನಗೆ ಎಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಆ ಕಾಲದಲ್ಲೇ ಮೂರ್ತಿ ಸರ್ ನನ್ನನ್ನು ಕರೆಸಿದರು. ಊರ ಹೊರಗೆ, ಲಿಂಗಂಪಲ್ಲಿಯಿಂದಾಚೆ ಒಂದು ವಿದ್ಯಾಸಂಸ್ಥೆಯಲ್ಲಿ ಅವರು ಪ್ರೊಫೆಸರು. ಸೂರ್ಯನ ಶಕ್ತಿ, ಗಾಳಿಯ ಶಕ್ತಿ, ವಿದ್ಯುತ್ತಿನ ಉಳಿತಾಯ — ಇದರಲ್ಲೇ ತಲೆ ನರೆಯಿಸಿಕೊಂಡವರು. ಇಂಧನದ ಸಂಶೋಧನೆಗೂ ಪಾಠಕ್ಕೂ ಒಂದು ಕೇಂದ್ರ ಕಟ್ಟಬೇಕಿತ್ತು. ಮೊದಲ ದಿನವೇ ನನ್ನನ್ನು ಆ ಖಾಲಿ ಜಾಗದಲ್ಲಿ ನಿಲ್ಲಿಸಿ, ತಮ್ಮ ತೆಲುಗಿನಲ್ಲಿ ಹೇಳಿದರು: "ನೋಡಿ ಮೇಡಂ, ಒಳಗೆ ಕೂತು ಕರೆಂಟು ಉಳಿಸುವ ಪಾಠ ಮಾಡಿ, ಮೇಲೆ ಎಸಿ ಓಡಿಸುವ ಕಟ್ಟಡ ನನಗೆ ಬೇಡ. ಹುಡುಗರು ಬಾಗಿಲೊಳಗೆ ಕಾಲಿಟ್ಟ ಕೂಡಲೇ ಅರ್ಧ ಪಾಠ ಮುಗಿದಿರಬೇಕು."

ಆ ಮಾತಿಗೆ ನಾನು ಸೋತುಹೋದೆ. ಮುಂದಿನ ಒಂದಿಡೀ ವರ್ಷ ನನ್ನ ಮೇಜಿನ ಮೇಲೆ ಬೇರೆ ಕಾಗದ ಬರಲಿಲ್ಲ. ಕಟ್ಟಡವನ್ನು ಪೂರ್ವ-ಪಶ್ಚಿಮಕ್ಕೆ ಉದ್ದವಾಗಿ ಮಲಗಿಸಿದೆ, ಇಳಿಬಿಸಿಲು ನೇರಕ್ಕೆ ಹೊಡೆಯುವ ಪಡುವಣ ಗೋಡೆಗೆ ಒಂದೂ ಕಿಟಕಿ ಇಡದೆ, ಅಲ್ಲಿ ಮೆಟ್ಟಿಲು ಮತ್ತು ಸಾಮಾನಿನ ಕೋಣೆಗಳನ್ನು ಕೂರಿಸಿದೆ. ಬಡಗಣ ಬೆಳಕು ಪ್ರಯೋಗಶಾಲೆಗಳಿಗೆ. ತೆಂಕಣ ಕಿಟಕಿಗಳ ಮೇಲೆ ಬಿಸಿಲು ತಡೆಯಲು ಅಗಲವಾದ ಛಜ್ಜ. ಎರಡು ಪದರದ ಗೋಡೆ, ನಡುವೆ ಗಾಳಿಯ ಸಂದು. ಬಿಸಿಲ ಫಲಕಗಳನ್ನು ಮಾಳಿಗೆಯಿಂದ ಒಂದಾಳೆತ್ತರ ಮೇಲೆತ್ತಿ ಹಾಕಿಸಿದೆ — ಕರೆಂಟೂ ಬರಲಿ, ಸ್ಲ್ಯಾಬಿನ ಮೇಲೆ ನೆರಳೂ ಬೀಳಲಿ ಎಂದು. ಒಂದು ಕಡೆ ಗೋಡೆಯನ್ನು ಕೊಯ್ದು ಗಾಜು ಕೂರಿಸಿದೆ; ಒಳಗಿನ ಪದರಗಳನ್ನು ಹುಡುಗರು ಕಣ್ಣಾರೆ ನೋಡಬೇಕಲ್ಲ.

ಇದೆಲ್ಲದರ ಜೀವ ಮಾತ್ರ ನೆಲದೊಳಗಿತ್ತು. ಭೂಮಿಯೊಳಗೆ ಸಾಕಷ್ಟು ಆಳಕ್ಕಿಳಿದರೆ ಬೇಸಿಗೆಯ ಕಾವು ಅಲ್ಲಿಗೆ ಮುಟ್ಟುವುದಿಲ್ಲ. ಆ ಆಳದಲ್ಲಿ ಉದ್ದನೆಯ ಪೈಪುಗಳನ್ನು ಹೂತು, ಹೊರಗಿನ ಗಾಳಿಯನ್ನು ಅವುಗಳೊಳಗಿಂದ ಎಳೆದು ಕೋಣೆಗಳಿಗೆ ಬಿಟ್ಟರೆ, ಮೇ ತಿಂಗಳ ಮಧ್ಯಾಹ್ನವೂ ಗಾಳಿ ತಂಪಾಗಿ ಬರುತ್ತದೆ. ಎಸಿ ಬೇಡ, ಒಂದು ಫ್ಯಾನು ಸಾಕು. ಇದು ನನ್ನ ಶೋಧವಲ್ಲ, ಆದರೆ ನಮ್ಮ ಊರಿನಲ್ಲಿ ಅಷ್ಟು ದೊಡ್ಡದಾಗಿ ಯಾರೂ ಮಾಡಿರಲಿಲ್ಲ. ಮೂರ್ತಿ ಸರ್ ಲೆಕ್ಕವನ್ನು ತಾವೇ ಕೂತು ಪರೀಕ್ಷಿಸಿದರು, ಆಳ ಇಷ್ಟಿದ್ದರೆ ಸರಿ, ಕಡಿಮೆಯಾಗಕೂಡದು ಅಂದರು. ನಾನು ಹ್ಞೂಂ ಅಂದೆ.

ಹೈದರಾಬಾದಿನ ನೆಲ ಎಂಥದೆಂದು ಇಲ್ಲಿ ಹುಟ್ಟಿದ ನನಗೆ ಯಾರಾದರೂ ಹೇಳಿಕೊಡಬೇಕಿತ್ತೆ? ಅಲ್ಲಲ್ಲಿ ಗುಂಡಿ ತೋಡಿ ಮಣ್ಣು ಪರೀಕ್ಷೆ ಮಾಡಿಸಿದ್ದೆವು, ಎಲ್ಲ ಕಡೆ ಮಣ್ಣೇ ಸಿಕ್ಕಿತ್ತು. ಆದರೆ ಪೈಪಿಗಾಗಿ ಉದ್ದಕ್ಕೂ ಕಾಲುವೆ ಅಗೆಯತೊಡಗಿದಾಗ, ಸೊಂಟದ ಆಳ ಹೋಗುವಷ್ಟರಲ್ಲಿ ಯಂತ್ರದ ಹಲ್ಲು ಕಿರ್ರೆಂದಿತು. ಬಂಡೆ. ಒಂದು ಗುಂಡಲ್ಲ — ಹಾಸುಬಂಡೆ, ಕಾಲುವೆಯ ಮುಕ್ಕಾಲು ಪಾಲಿನಷ್ಟು.

ಕಂಟ್ರಾಕ್ಟರು ಹಣೆ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದ. ಬಂಡೆ ಒಡೆಯಬೇಕೆಂದರೆ ಸಿಡಿಮದ್ದು ಇಡಬೇಕು. ಪಕ್ಕದಲ್ಲೇ ಹಾಸ್ಟೆಲು, ಅನುಮತಿಗೆ ತಿಂಗಳುಗಟ್ಟಲೆ ಬೇಕು. ಪೈಪಿನ ದಾರಿಯನ್ನು ಕಟ್ಟಡದ ಆಚೆ ಬದಿಗೆ ತಿರುಗಿಸಬೇಕೆಂದರೆ ಅರ್ಧ ವಿನ್ಯಾಸ ಬದಲಾಗಬೇಕು. ಉದ್ಘಾಟನೆಗೆ ಮಂತ್ರಿಗಳ ತಾರೀಖು ಸಿಕ್ಕಿತ್ತು. ಒಂದು ಪ್ರಶಸ್ತಿಯವರು ಕಟ್ಟಡ ನೋಡಲು ಬರುವವರಿದ್ದರು — ಹೌದು, ಅದೂ ನನ್ನ ತಲೆಯಲ್ಲಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದೇ ಇತ್ತು ಅಂತ ಈಗ ಅನ್ನಿಸುತ್ತದೆ.

ಮೂರ್ತಿ ಸರ್ ಆ ವಾರ ದೆಹಲಿಯಲ್ಲಿದ್ದರು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಅವರು ಕೆಲಸ ನಿಲ್ಲಿಸಿ ಅನ್ನುತ್ತಿದ್ದರು — ಖಂಡಿತ ಹಾಗೇ ಅನ್ನುತ್ತಿದ್ದರು. ಅದು ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ.

"ಬಂಡೆ ಮೇಲೆ ಎಷ್ಟು ಆಳ ಸಿಗುತ್ತೋ ಅಷ್ಟಕ್ಕೇ ಹಾಕಿ ಮುಚ್ಚಿಬಿಡಿ," ಅಂದೆ.

ಮುಚ್ಚಿದರು. ಮೇಲೆ ಹುಲ್ಲು ಹಾಸಿದರು. ಆ ಹುಲ್ಲಿನ ಮೇಲೆ ನಿಂತು ಮಂತ್ರಿಗಳ ಜೊತೆ ಫೋಟೋ ತೆಗೆಸಿಕೊಂಡೆ. ಡಿಸೆಂಬರಿನ ಹಿತವಾದ ಗಾಳಿ; ಕೋಣೆಗಳೆಲ್ಲ ತಣ್ಣಗಿದ್ದವು, ಚಳಿಗಾಲದಲ್ಲಿ ಯಾವ ಕೋಣೆ ತಣ್ಣಗಿರುವುದಿಲ್ಲ? ಪ್ರಶಸ್ತಿ ಬಂತು. ಆ ಫೋಟೋಕ್ಕೆ ವೈನಿ ಚೌಕಟ್ಟು ಹಾಕಿಸಿ ಕೆಳಗಿನ ಮನೆಯ ಹಾಲ್‌ನಲ್ಲಿ ತೂಗಿಸಿದರು. ಊರೂರಿಗೆ ಹೋಗಿ ಆ ಕಟ್ಟಡದ ಬಗ್ಗೆ ಭಾಷಣ ಮಾಡಿದೆ. ಪೈಪಿನ ವಿಷಯ ಬಂದಾಗ ಡ್ರಾಯಿಂಗಿನಲ್ಲಿದ್ದ ಆಳವನ್ನೇ ಹೇಳಿದೆ — ಹೇಳಿ ಹೇಳಿ ಒಂದು ಹಂತದಲ್ಲಿ ಅದೇ ನಿಜವೇನೋ ಎಂಬಂತೆ...

ಆಮೇಲೆ ಅಂಬಿಕಾ ಬಂದಳು.

ಮೂರ್ತಿ ಸರ್ ಹತ್ತಿರ ಪಿಎಚ್‌ಡಿಗೆ ಸೇರಿದ್ದಳು. ಈ ಕಟ್ಟಡ ನಾವು ಹೇಳಿದಷ್ಟು ತಂಪಾಗಿರುತ್ತದೆಯೇ ಎಂದು ಅಳೆದು ನೋಡುವುದೇ ಅವಳ ವಿಷಯ. ಅದನ್ನು ಕೊಟ್ಟವರು ಸರ್. ಅವರಿಗೆ ಮುಚ್ಚಿಡುವುದೇನೂ ಇರಲಿಲ್ಲವಲ್ಲ. ಒಂದು ದಿನ ಕೇಂದ್ರದ ಅಂಗಳದಲ್ಲಿ ನಿಂತು ನಾನು ಫೋನಿನಲ್ಲಿ ವೈನಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ತೆಳ್ಳನೆಯ, ಚುರುಕು ಕಣ್ಣಿನ ಹುಡುಗಿಯೊಬ್ಬಳು ನಾನು ಮುಗಿಸುವವರೆಗೆ ಕಾದು ಹತ್ತಿರ ಬಂದಳು.

"ಅಕ್ಕಾ, ನೀವು ನಮ್ಮ ಕಡ್ಯಾವ್ರೇನ್ರಿ?"

ಅವಳ ತಂದೆ ಹುಮನಾಬಾದ ಕಡೆಯವರು. ಇಲ್ಲಿನ ಕುಷಾಯಿಗೂಡದ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಅಲ್ಲೇ ನೆಲೆಸಿದವರು. ಆ ಕ್ಯಾಂಪಸ್ಸಿನಲ್ಲಿ ಮನೆಯ ಮಾತು ಆಡಲು ಅವಳಿಗೆ ಯಾರೂ ಇರಲಿಲ್ಲ, ನನಗೂ ಇರಲಿಲ್ಲ. ನಾನು ಹೋದಾಗಲೆಲ್ಲ ಓಡಿ ಬರುತ್ತಿದ್ದಳು. ಊಟದ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ಮುರಿದು ಕೊಡುತ್ತಿದ್ದಳು. ಅವಳ ಕೆಲಸ ನೋಡಿ ನನಗೆ ಖುಷಿಯಾಗುತ್ತಿತ್ತು — ಹೆದರಿಕೆಯೂ. ಒಂದೊಂದು ಥರ್ಮಾಮೀಟರನ್ನೂ ತೂಗುಹಾಕುವ ಮೊದಲು ಕರಗುವ ಮಂಜುಗಡ್ಡೆಯಲ್ಲಿ ಅದ್ದಿ, ಸೊನ್ನೆ ತೋರಿಸುತ್ತದೋ ಇಲ್ಲವೋ ಪರೀಕ್ಷಿಸುತ್ತಿದ್ದಳು. ನನ್ನ ಮುಂದೆಯೇ ಮಾಡುತ್ತಿದ್ದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವಳ ಅಳತೆಯ ಬಗ್ಗೆ ನನಗೆ ಸಂಶಯವಿರಬಹುದಿತ್ತು ಎಂದು ಯಾರೂ ನನ್ನ ಪರವಾಗಿ ಅಂದುಕೊಳ್ಳಬಾರದು. ಇರಲಿಲ್ಲ. ಒಂದಿಷ್ಟೂ.

ಏಪ್ರಿಲ್ ಕಳೆಯುತ್ತಿದ್ದಾಗ ಒಂದು ಮಧ್ಯಾಹ್ನ ನನ್ನ ಆಫೀಸಿಗೇ ಬಂದಳು. ನೀರು ಕೂಡ ಕುಡಿಯದೆ ಕೂತಳು.

"ಅಕ್ಕಾ, ಇನ್ನಾ ಯಾರಿಗೂ ಹೇಳಿಲ್ರಿ, ಮೊದಲ ನಿಮಗ ಹೇಳಾಕತ್ತೀನಿ. ಪೈಪಿನ ಗಾಳಿ ಬಿಸೀನ ಬರಾಕತ್ತೈತಿ. ಹೊರಗಿನ ನೆರಳಿಗೂ ಅದಕ್ಕೂ ಭಾಳ ಫರಕ್ ಇಲ್ಲ. ಪೈಪು ಡ್ರಾಯಿಂಗ್‌ದಾಗ ಐತಲ್ರಿ, ಅಷ್ಟ ಆಳ ಅದಾವಲ್ಲ?"

ಮೊದಲು ನನಗೆ ಹೇಳಲು ಬಂದಿದ್ದಳು. ನನ್ನ ಹೆಸರು ಕೆಡಬಾರದೆಂದು ಬಂದಿದ್ದಳು. ನಾನು ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ: "ಅಷ್ಟ ಅದಾವ. ನೀ ಇನ್ನೊಮ್ಮೆ ಅಳದು ನೋಡು."

ಅವಳು ನೋಡಿದಳು. ಇಡೀ ಮೇ ತಿಂಗಳು, ಉಳಿದವರೆಲ್ಲ ರಜೆಗೆ ಹೋದಾಗ, ಆ ಬಿಸಿಲಲ್ಲಿ ಮೇಲೆ ಕೆಳಗೆ ಓಡಾಡಿ ಎಲ್ಲವನ್ನೂ ಹೊಸದಾಗಿ ಅಳೆದಳು. ಥರ್ಮಾಮೀಟರುಗಳ ಜಾಗ ಬದಲಿಸಿದಳು, ಬೇರೆ ವಿಭಾಗದಿಂದ ಬೇರೆಯವನ್ನು ಎರವಲು ತಂದಳು. ಉತ್ತರ ಬದಲಾಗಲಿಲ್ಲ.

ಜೂನಿನಲ್ಲಿ ಅವಳ ಪ್ರಗತಿ ನೋಡುವ ಸಮಿತಿ ಸೇರಿತು. ಹೊರಗಿನಿಂದ ಇಬ್ಬರು ತಜ್ಞರು ಬಂದಿದ್ದರು. ಕಟ್ಟಡದ ವಿನ್ಯಾಸಕಿ ಅಂತ ನನ್ನನ್ನೂ ಕರೆದಿದ್ದರು. ಅಂಬಿಕಾ ಅಂಜದೆ, ಸ್ಪಷ್ಟವಾಗಿ ತನ್ನ ಫಲಿತಾಂಶ ಮುಂದಿಟ್ಟಳು. ಮೂರ್ತಿ ಸರ್ ಮುಖದಲ್ಲಿ ರಕ್ತವಿರಲಿಲ್ಲ. ಆ ಮನುಷ್ಯ ತಮ್ಮ ಜೀವಮಾನದ ಮಾತನ್ನು ಆ ಕಟ್ಟಡದ ಮೇಲೆ ಪಣಕ್ಕಿಟ್ಟಿದ್ದರು. ತಜ್ಞರಲ್ಲೊಬ್ಬರು, ಹಾಗಾದರೆ ಈ ಪದ್ಧತಿಯೇ ನಮ್ಮ ಹವೆಗೆ ಆಗದೇನೋ ಅಂದರು. ಸರ್ ನನ್ನ ಕಡೆ ತಿರುಗಿದರು — ಮುಳುಗುವವರು ನೋಡುವ ಹಾಗೆ ನೋಡಿದರು.

"ನೀವು ಹೇಳಿ ಮೇಡಂ. ಪೈಪುಗಳಲ್ಲಿ ಏನಾದರೂ ದೋಷವಿರಬಹುದೆ?"

ಆ ಪ್ರಶ್ನೆ ಎಷ್ಟು ನೇರವಾಗಿತ್ತು! ಹೌದು ಎಂಬ ಒಂದು ಮಾತಿಗೆ ಅದರಲ್ಲಿ ಜಾಗವಿತ್ತು. ಆ ಒಂದು ಮಾತಿನಿಂದ ಪದ್ಧತಿಯೂ ಉಳಿಯುತ್ತಿತ್ತು, ಸರ್ ನಂಬಿಕೆಯೂ ಉಳಿಯುತ್ತಿತ್ತು, ಅಂಬಿಕಾಳ ಓದೂ ಉಳಿಯುತ್ತಿತ್ತು. ಬೀಳುತ್ತಿದ್ದವಳು ನಾನೊಬ್ಬಳೇ.

ನಾನು ಇಂಗ್ಲಿಷಿನಲ್ಲಿ, ಮೆಲುದನಿಯಲ್ಲಿ, ಮುಗುಳ್ನಗುತ್ತ ಹೇಳಿದೆ: "ಪೈಪುಗಳು ವಿನ್ಯಾಸದಲ್ಲಿದ್ದಂತೆಯೇ ಇವೆ. ಅಳತೆಯಲ್ಲಿ ತಪ್ಪಿರಬೇಕು. ಮೊದಲ ಸಲ ಮಾಡುವವರಿಗೆ ಇದು ಸಹಜ. ಹುಡುಗಿ ತುಂಬ ಶ್ರಮಪಟ್ಟಿದ್ದಾಳೆ."

ಆ ಕೊನೆಯ ಮಾತು — ಶ್ರಮಪಟ್ಟಿದ್ದಾಳೆ ಎಂದದ್ದು — ಅದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಚೂರಿ ಹಾಕಿದ ಕೈಯಿಂದಲೇ ತಲೆ ಸವರಿದ್ದೆ.

ಸಭೆ ನಿರಾಳವಾಯಿತು. ಎಲ್ಲರಿಗೂ ಬೇಕಾದ ಉತ್ತರ ಸಿಕ್ಕಿತ್ತು. ಒಂದೂವರೆ ವರ್ಷದ ಕೆಲಸ ನಂಬಲರ್ಹವಲ್ಲ, ಮೊದಲಿನಿಂದ ಶುರುಮಾಡಬೇಕು, ಇಲ್ಲವೆ ವಿಷಯ ಬದಲಿಸಬೇಕು ಅಂತ ತೀರ್ಮಾನವಾಯಿತು. ಅಂಬಿಕಾ ಜಗಳವಾಡಬಹುದೆಂದು ನಾನು ಕಾದಿದ್ದೆ, ಅದಕ್ಕೆ ಉತ್ತರವನ್ನೂ ಹೊಂದಿಸಿಕೊಂಡಿದ್ದೆ. ಅವಳು ಜಗಳವಾಡಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

"ನಂದ ತಪ್ಪಿರಬೇಕ್ರಿ ಅಕ್ಕಾ," ಅಂದಳು. "ನೀವ ಕಟ್ಟಿದವರು, ನಿಮಗ ಗೊತ್ತಿರ್ತೈತಿ. ಆದ್ರ ಎಲ್ಲಿ ತಪ್ಪಿದೆ ಅನ್ನೂದ ಹೊಳೀವಲ್ದು."

ಆಗ ನಾನು ಹೇಳಿದ್ದು: "ಚಹಾ ಕುಡೀತಿ ಏನು?"

ಅಷ್ಟೇ. ಅಷ್ಟನ್ನೇ ಹೇಳಿದೆ. ಅವಳು ಬ್ಯಾಡ್ರಿ ಅಂದಳು.

ಮತ್ತೆ ಶುರುಮಾಡಲು ಅವಳಿಂದ ಆಗಲಿಲ್ಲ. ಯಾವ ಅಂಕಿ ಓದಿದರೂ ತಪ್ಪೆನ್ನಿಸುತ್ತದೆ ಅಂದಳಂತೆ. ಆ ವರ್ಷ ಮುಗಿಯುವುದರೊಳಗೆ ಬಿಟ್ಟುಹೋದಳು. ಹೋಗುವ ಮುಂಚೆ ನನಗೆ ಫೋನು ಮಾಡಿದಳು. ನಾನು ಎತ್ತಲಿಲ್ಲ.

ಬೇಸಿಗೆಗಳು ಬರುತ್ತಲೇ ಇದ್ದವು. ಸೆಖೆ ತಾಳಲಾರದೆ ಮೊದಲು ಒಂದು ಪ್ರಯೋಗಶಾಲೆಗೆ ಎಸಿ ಬಂತು — ಯಂತ್ರಗಳು ಕೆಡುತ್ತವೆಂಬ ನೆಪದಲ್ಲಿ. ಆಮೇಲೆ ಗ್ರಂಥಾಲಯಕ್ಕೆ. ಆಮೇಲೆ ಒಂದೊಂದೇ ಪಾಠದ ಕೋಣೆಗೆ. ನಾನು ಛಜ್ಜದ ಅಂಚನ್ನು ಎಷ್ಟು ಮುತುವರ್ಜಿಯಿಂದ ಬರೆದಿದ್ದೆನೋ, ಅಲ್ಲೆಲ್ಲ ಎಸಿಗಳ ತುಕ್ಕು ಹಿಡಿದ ಪೆಟ್ಟಿಗೆಗಳು ನೇತಾಡಿ ನೀರು ತೊಟ್ಟಿಕ್ಕಿಸತೊಡಗಿದವು. ಮೂರ್ತಿ ಸರ್ ಮಾತ್ರ ತಮ್ಮ ಕೋಣೆಗೆ ಹಾಕಿಸಿಕೊಳ್ಳಲಿಲ್ಲ. ಬಾಗಿಲು ತೆರೆದಿಡುವ ಹುಡುಗರನ್ನು ಗದರುತ್ತಿದ್ದರು. "ಕಟ್ಟಡ ಸರಿಯಾಗೇ ಇದೆ," ಅನ್ನುತ್ತಿದ್ದರು, "ಇದರಲ್ಲಿ ಬದುಕುವುದು ನಮಗೆ ಬರುತ್ತಿಲ್ಲ." ಬೆವರಿನಿಂದ ಬೆನ್ನಿಗೆ ಅಂಟಿದ ಅಂಗಿಯಲ್ಲಿ ಪಾಠ ಮಾಡಿಯೇ ನಿವೃತ್ತರಾದರು. ನಿವೃತ್ತರಾದ ಮೇಲೆ ಕಾಯಿಲೆ ಬಿದ್ದರು. ನಾನು ಒಂದು ಸಲವೂ ಹೋಗಲಿಲ್ಲ. ಇವತ್ತು ಹೋಗಿ ಹೇಳಿಬಿಡೋಣ, ನಾಳೆ ಹೋಗಿ ಹೇಳಿಬಿಡೋಣ ಅಂತ... ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ದುಃಖಕ್ಕಿಂತ ಮೊದಲು ಬಂದದ್ದು ನಿರಾಳ. ಇದನ್ನೂ ಬರೆಯಬೇಕು. ನಿರಾಳವೇ ಬಂತು.

ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ.

ನಮ್ಮ ವೈನಿ ಸರಕಾರಿ ಜೂನಿಯರ್ ಕಾಲೇಜಿನಲ್ಲಿ ಹಿಂದಿ ಕಲಿಸುವವರು. ಎರಡು ವರ್ಷದ ಹಿಂದೆ ಅವರಿಗೆ ಕುಷಾಯಿಗೂಡ ಕಡೆಯ ಕಾಲೇಜಿಗೆ ವರ್ಗವಾಯಿತು. ರವಿವಾರ ನಾನು ಕೆಳಗೇ ಊಟ ಮಾಡುವ ರೂಢಿ. ಹಾಗೆ ಊಟಕ್ಕೆ ಕೂತಾಗ ಒಂದು ದಿನ ಹೊಸ ಕಾಲೇಜಿನ ಸುದ್ದಿ ಹೇಳುತ್ತಿದ್ದರು.

"ನಮ್ಮಲ್ಲಿ ಅಂಬಿಕಾ ಅಂತ ಒಬ್ಬಾಕಿ ಫಿಸಿಕ್ಸ್ ಹೇಳ್ತಾಳ, ನಮ್ಮ ಕಡ್ಯಾಕೀನ. ಭಾಳ ಛಲೋ ಹುಡುಗಿ. ಪ್ರತಿ ವರ್ಷ ಮೊದಲನೇ ಪ್ರ್ಯಾಕ್ಟಿಕಲ್‌ದಾಗ ತನ್ನ ತಪ್ಪು ತಾನ ಹುಡುಗರ ಮುಂದ ಹೇಳ್ಕೋತಾಳಂತ. 'ನಾನು ಪಿಎಚ್‌ಡಿ ಮಾಡೂ ಮುಂದ ಇಡೀ ಬ್ಯಾಸಗಿ ಅಳತಿ ತಪ್ಪು ತಗೊಂಡೆ, ನನಗ ತಪ್ಪು ಎಲ್ಲೈತಿ ಅಂತನೂ ತಿಳೀಲಿಲ್ಲ, ಓದ ಹೋತು. ಅದಕ್ಕ ನೀವು ಅಂಕಿ ತಗೊಂಡ ಮ್ಯಾಲೆ ನಿಮ್ಮನ್ನ ನೀವು ನಂಬಬ್ಯಾಡ್ರಿ, ದೊಡ್ಡವರನ್ನ ಕೇಳ್ರಿ' ಅಂತ. ಎಷ್ಟ ಧೈರ್ಯ ನೋಡು ಪ್ರಮೀಳಾ! ತನ್ನ ತಪ್ಪು ಹಂಗ ನಾಕ ಮಂದಿ ಮುಂದ ಹೇಳ್ಕೋಳೂದು ಅಂದ್ರ ಸುಮ್ನ ಆತೇನು?"

ಅವಳು ಬಿಟ್ಟುಹೋದಳು, ಎಲ್ಲೋ ಇದ್ದಾಳೆ, ಮರೆತಿರಬಹುದು — ಇಷ್ಟೇ ನಾನು ಊಹಿಸಿಕೊಂಡಿದ್ದು. ನನ್ನ ಸುಳ್ಳನ್ನು ಅವಳು ತನ್ನ ತಪ್ಪೆಂದು ಹೊತ್ತುಕೊಂಡು, ವರ್ಷವರ್ಷವೂ ಹೊಸ ಮಕ್ಕಳಿಗೆ ಅದನ್ನು ಪಾಠವಾಗಿ ಕಲಿಸುತ್ತಿದ್ದಾಳೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನಿಮ್ಮನ್ನು ನೀವು ನಂಬಬೇಡಿ. ದೊಡ್ಡವರನ್ನು ಕೇಳಿ. ನಾನು ಅವಳಿಗೆ ಕಲಿಸಿದ್ದು ಅದು. ಅದು ಈಗ ಎಷ್ಟು ಮಕ್ಕಳ ತಲೆಯೊಳಗಿದೆಯೋ...

ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಮರುವಾರವೇ ಹೋದೆ.

ಬಾಗಿಲು ತೆರೆದವಳ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಗುರುತು ಹಿಡಿದ ಕೂಡಲೇ ಮುಖ ಅರಳಿತು. "ಅಯ್ಯ, ಪ್ರಮೀಳಕ್ಕಾ! ಬರ್ರಿ, ಬರ್ರಿ ಒಳಗ." ಆ ಅಕ್ಕರೆಗೆ ನಾನು ಸಿದ್ಧಳಾಗಿರಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಯಿತು. ಕೂರದೆ, ನಿಂತೇ ಹೇಳಿಬಿಟ್ಟೆ. ಬಂಡೆ ಸಿಕ್ಕಿದ್ದು, ಮುಚ್ಚಿಸಿದ್ದು, ಅವಳು ನನ್ನ ಆಫೀಸಿಗೆ ಬಂದಾಗ ಹೇಳಿದ್ದು, ಸಮಿತಿಯಲ್ಲಿ ಹೇಳಿದ್ದು. ನಿನ್ನ ಅಳತೆ ಸರಿಯಿತ್ತು ಅಂಬಿಕಾ, ಪ್ರತಿಯೊಂದೂ ಸರಿಯಿತ್ತು.

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಿದ್ದಳು. ಹೊರಗೆ ಯಾರೋ ತರಕಾರಿ ಕೂಗುತ್ತ ಹೋದರು.

"ಯಾಕ್ರಿ?" ಅಂದಳು ಕೊನೆಗೆ.

"ಹೆಸರು ಕೆಡ್ತದಂತ."

"ಅಷ್ಟಕ್ಕೇನ್ರಿ?"

ಹೌದು. ಅಷ್ಟಕ್ಕೇ.

"ಮೂರ್ತಿ ಸರ್‌ಗೆ ಆರಾಮ ಇಲ್ಲ ಅಂದಾಗ ನಾನು ದವಾಖಾನಿಗೆ ಹೋಗಿದ್ದೆ," ಅವಳು ನಿಧಾನವಾಗಿ ಅಂದಳು, ನನಗಲ್ಲ, ಗೋಡೆಗೆ ಹೇಳುವಂತೆ. "ನನ್ನ ತಪ್ಪಿನಿಂದ ನಿಮ್ಮ ಕೆಲಸಕ್ಕ ಕೆಟ್ಟ ಹೆಸರು ಬಂತ್ರಿ ಸರ್, ಕ್ಷಮಾ ಮಾಡ್ರಿ ಅಂತ ಅವರ ಕಾಲು ಹಿಡ್ಕೊಂಡು ಅತ್ತು ಬಂದೀನಿ. ಅವರು ನನ್ನ ತಲಿ ಮ್ಯಾಲೆ ಕೈ ಇಟ್ಟು ಕ್ಷಮಾ ಮಾಡಿದ್ರು. ನಾ ಮಾಡಲಾರದ್ದಕ್ಕ."

ನಾನು ಅವಳ ಕಾಲಿಗೆ ಬಗ್ಗಲು ಹೋದೆ. ಹಿಂದೆ ಸರಿದಳು.

"ಬ್ಯಾಡ್ರಿ. ಅದೆಲ್ಲ ಬ್ಯಾಡ್ರಿ. ನೀವು ಇವತ್ತು ಬಂದು ನನ್ನ ಮನ್ಯಾಗ, ನಮ್ಮ ಮಾತಿನ್ಯಾಗ, ನನಗೊಬ್ಬಾಕೀಗೆ ಹೇಳಾಕತ್ತೀರಿ. ಆವತ್ತು ಹಂಗ ಹೇಳಿದ್ದಿಲ್ರಿ. ಅವರೆಲ್ಲಾರ ಮುಂದ ಹೇಳಿದ್ರಿ." ಅವಳ ದನಿ ಏರಲಿಲ್ಲ. "ಈಗ ನೀವು ಹೋಗ್ರಿ ಅಕ್ಕಾ."

ಆಗಲೂ ಅಕ್ಕಾ ಅಂದಳು. ರೂಢಿಯಿಂದ ಬಂದಿರಬೇಕು.

ಕೇಂದ್ರದ ಈಗಿನ ಮುಖ್ಯಸ್ಥೆಯನ್ನು ಕಂಡು ಎಲ್ಲ ಹೇಳಿದೆ. ಆಕೆ ಒಳ್ಳೆಯವರು, ಆದರೆ ಗಾಬರಿಯಾದರು. ಇಷ್ಟು ವರ್ಷದ ಮೇಲೆ ಯಾಕೆ ಮೇಡಂ, ಕೇಂದ್ರಕ್ಕೂ ಮುಜುಗರ, ನಿಮಗೂ ಮುಜುಗರ, ಬಿಟ್ಟುಬಿಡಿ ಅಂದರು. ಬಿಡುವುದಿಲ್ಲ ಅಂದೆ. ಹುಲ್ಲು ಕಿತ್ತು ಅಗೆಸಿ ನೋಡಿ ಅಂದೆ. ಕೊನೆಗೆ ಒಂದು ಕಡೆ ಅಗೆಸಿದರು. ಪೈಪು ಸೊಂಟದಾಳದಲ್ಲೇ ಇತ್ತು, ಅದರ ಕೆಳಗೆ ಬಂಡೆ. ಆಮೇಲೆ ಅವರು ಬೇಡವೆನ್ನಲಿಲ್ಲ. ಹೊಸ ವಿದ್ಯಾರ್ಥಿಗಳನ್ನೂ ಮಾಸ್ತರರನ್ನೂ ಸೇರಿಸಿ ಕೇಂದ್ರದ ಸಭಾಂಗಣದಲ್ಲೇ ನನಗೆ ಮಾತಾಡಲು ಬಿಟ್ಟರು. ಹಳೆಯ ಸಮಿತಿಯ ಒಬ್ಬರೂ ಬಂದಿದ್ದರು.

ಇಂಗ್ಲಿಷಿನಲ್ಲೇ ಹೇಳಿದೆ. ಪೈಪಿನ ಆಳದ ಸುಳ್ಳು, ಅಂಬಿಕಾಳ ಅಳತೆಯ ಸುಳ್ಳು — ಎರಡನ್ನೂ ಒಪ್ಪಿಕೊಂಡೆ. ಪದ್ಧತಿಯಲ್ಲಿ ದೋಷವಿರಲಿಲ್ಲ, ಮೂರ್ತಿ ಸರ್ ಲೆಕ್ಕದಲ್ಲಿ ದೋಷವಿರಲಿಲ್ಲ, ಅಳೆದವಳಲ್ಲಿ ದೋಷವಿರಲಿಲ್ಲ ಅಂದೆ. ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಅಳೆದವರ ಹೆಸರೇನು ಎಂದು ಕೇಳಿದಳು. ಅವಳ ಪೂರ್ತಿ ಹೆಸರನ್ನು ಹೇಳಿದೆ, ಮತ್ತೊಮ್ಮೆ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ನಾನು ಸತ್ತೇಹೋಗುತ್ತಿದ್ದೆ. ಪ್ರಶಸ್ತಿಯನ್ನು ಹಿಂದಿರುಗಿಸಿದೆ — ಅದು ಎಲ್ಲಕ್ಕಿಂತ ಸುಲಭದ ಕೆಲಸ. ಅಂಬಿಕಾಳ ನೋಂದಣಿಯನ್ನು ಮತ್ತೆ ತೆರೆಯಬಹುದೇ ಎಂದು ಸಂಸ್ಥೆಯನ್ನು ಕೇಳಿದೆ. ಅವಧಿ ಮುಗಿದಿದೆ, ನಿಯಮದಲ್ಲಿ ಅವಕಾಶವಿಲ್ಲ ಅಂದರು. ಅವರು ಅವಳನ್ನು ಕೇಳಿದಾಗ ಅವಳೂ ಬೇಡ ಅಂದಳಂತೆ. ಆ ವಯಸ್ಸು, ಆ ಹುರುಪು ಹೋಯಿತು ಅಂದಳಂತೆ. ಸಭೆಗೆ ಅವಳು ಬಂದಿರಲಿಲ್ಲ. ನನಗೆ ಒಂದು ಮಾತೂ ಹೇಳಿಕಳಿಸಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಹೇಡಿತನ ಪೂರ್ತಿ ಹೋಗಿರಲಿಲ್ಲ. ಅಲ್ಲಿ ನೂರು ಜನರ ಮುಂದೆ ಹೇಳಿದವಳು ಮನೆಯಲ್ಲಿ ಹೇಳಿರಲಿಲ್ಲ. ಲಿಂಗಂಪಲ್ಲಿಯ ಸುದ್ದಿ ತಾರ್ನಾಕಕ್ಕೆ ಬಂದಿರಲಿಲ್ಲ, ನಾನೂ ತರಲಿಲ್ಲ.

ಕಳೆದ ತಿಂಗಳು ಒಂದು ರವಿವಾರ ವೈನಿ ಅನ್ನ ಬಡಿಸುತ್ತ ಅಂದರು: "ಅಂಬಿಕಾ ಈ ವರ್ಷ ಹುಡುಗರಿಗೆ ಬ್ಯಾರೇನ ಹೇಳಿದ್ಲಂತ. 'ನನ್ನ ಅಳತಿ ತಪ್ಪಿದ್ದಿಲ್ಲ. ಯಾರೋ ಒಬ್ಬರು ಸುಳ್ಳ ಹೇಳಿದ್ರು, ನಾನು ನನಗಿಂತ ಅವರನ್ನ ಹೆಚ್ಚ ನಂಬಿದೆ. ನೀವು ಹಂಗ ಮಾಡಬ್ಯಾಡ್ರಿ' ಅಂತ. ಆಮ್ಯಾಲೆ ಕುರ್ಚಿ ಮ್ಯಾಲೆ ಕುಂತಬಿಟ್ಲಂತ, ಹುಡುಗರು ನೀರ ತಂದ ಕೊಟ್ರಂತ. ಸುಳ್ಳ ಹೇಳಿದವರು ಯಾರಂತ ನಾವೆಲ್ಲಾ ಸ್ಟಾಫ್ ರೂಮಿನ್ಯಾಗ ಎಷ್ಟ ಕೇಳಿದ್ವಿ. ಹೆಸರ ಹೇಳಲಿಲ್ಲ."

ವೈನಿ ನಮ್ಮ ಮನೆಯವರೆಂದು ಅವಳಿಗೆ ಆ ಹೊತ್ತಿಗೆ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಹೆಸರು ಹೇಳದೆ ಬಿಟ್ಟದ್ದು ಕರುಣೆಯೋ, ನನ್ನ ಹೆಸರು ಅವಳ ನಾಲಗೆಗೆ ಬೇಡವಾಗಿದೆಯೋ — ಅದೂ ತಿಳಿಯದು. ಕರುಣೆಯೆಂದು ತಿಳಿದು ಅದರ ನೆರಳಲ್ಲಿ ಕೂರುವ ಹಕ್ಕು ನನಗಿಲ್ಲ ಎಂಬುದಷ್ಟೇ ಗೊತ್ತು.

"ಎಂಥಾ ಮನುಷ್ಯಾರು ಇರಬೇಕವರು!" ವೈನಿ ಸಾರಿನ ಸೌಟು ಹಿಡಿದು ನಿಂತಿದ್ದರು. "ಮನ್ಯಾಗ ಕುಂತು ಅನ್ನ ಹ್ಯಾಂಗ ಉಣ್ತಾರೋ!"

"ಅವರು ನಾನ, ವೈನಿ," ಅಂದೆ.

ವೈನಿ ನಕ್ಕುಬಿಟ್ಟರು. ಅಣ್ಣನೂ ನಕ್ಕ. ನಾನು ತಲೆ ತಗ್ಗಿಸದೆ ಅವರನ್ನೇ ನೋಡುತ್ತ ಕೂತೆ — ಮೊದಲು ಅಣ್ಣನ ನಗು ನಿಂತಿತು, ಆಮೇಲೆ ವೈನಿಯದು.